ಕಿವಿ ಮುಟ್ಟಿದವಳೇ ಅಕ್ಕ

ಬಸ್ಸಿನಲ್ಲಿ ಕೂತಾಗ ಅಕ್ಕಪಕ್ಕದವರ ಮಕ್ಕಳ ವಯಸ್ಸು ಅಳೆಯುವ ಒಂದು ಕೆಟ್ಟ ಚಾಳಿ ನನಗಿದೆ. ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ಮನೆ ಮಣಿಕಟ್ಟಿನ ಎಲುಬು ನೋಡುತ್ತೇನೆ, ಮೊಣಕೈ ನೋಡುತ್ತೇನೆ, ಮಗು ನಕ್ಕರೆ ಕೋರೆಹಲ್ಲು ಪೂರ್ತಿ ಇಳಿದಿದೆಯೋ ಇಲ್ಲವೋ ಎಂದು ಇಣುಕುತ್ತೇನೆ. ಆಮೇಲೆ ಮನಸ್ಸಿನಲ್ಲೇ ಎರಡು ಬುಟ್ಟಿಗಳಲ್ಲಿ ಒಂದಕ್ಕೆ ಹಾಕಿಬಿಡುತ್ತೇನೆ: ಹದಿನಾಲ್ಕರ ಒಳಗಿನವರು, ಹದಿನೇಳರ ಒಳಗಿನವರು. ಹದಿನೇಳು ದಾಟಿದವರ ಮೇಲೆ ನನಗೆ ಆಸಕ್ತಿಯಿಲ್ಲ, ಅವರು ಎಲ್ಲಿಯಾದರೂ ಸುಖವಾಗಿರಲಿ. ನೀವು ಎಂದಾದರೂ ಮಕ್ಕಳೊಂದಿಗೆ ನನ್ನ ಪಕ್ಕದಲ್ಲಿ ಕೂತು ಪ್ರಯಾಣ ಮಾಡಿದ್ದರೆ ನಿಮ್ಮ ಮಗುವೂ ಯಾವುದೋ ಒಂದು ಬುಟ್ಟಿಯಲ್ಲಿದೆ. ತಪ್ಪು ತಿಳಿಯಬೇಡಿ.

ಒಮ್ಮೆ ಮಾತ್ರ ಬಾಯಿ ಜಾರಿತು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವಾಗ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಮಗಳಿಗೆ ಅರ್ಧ ಟಿಕೆಟು ಕೇಳಿದಳು. ಕಂಡಕ್ಟರ್ ಹುಡುಗಿಯನ್ನು ಕೆಳಗಿನಿಂದ ಮೇಲೆ ನೋಡಿದ.

“ಏನವ್ವಾ, ಈಕಿಗಿ ಅರ್ಧಾ? ಎದ್ದು ನಿಂತ್ರ ತಲಿ ಛತ್ತಿಗಿ ಬಡೀತದ.”

“ಹತ್ತು ಮುಗದು ಹನ್ನೊಂದು ನಡದಾದ್ರೀ ಅಣ್ಣಾ. ಅವರಪ್ಪ ಉದ್ದ, ಅದಕ್ಕ ಈಕೀನೂ ಉದ್ದ.”

ನಾನು ಯಾರೂ ಕೇಳದಿದ್ದರೂ ಹಿಂದಿನಿಂದ ಹೇಳಿಬಿಟ್ಟೆ, “ಹದಿಮೂರು. ಇನ್ನೊಂದು ವರ್ಷ ಆಡಬಹುದು.”

ಕಂಡಕ್ಟರ್ ನನಗೆ ಕೈಮುಗಿದ. ಆ ತಾಯಿ ಊರು ಬರುವವರೆಗೂ ಹಿಂದೆ ತಿರುಗಿ ತಿರುಗಿ ನೋಡಿದ ನೋಟ ಈಗಲೂ ನನ್ನ ಬೆನ್ನಿಗಿದೆ. ಮನೆಗೆ ಬಂದು ಹೇಳಿದರೆ ನಮ್ಮವರು, “ನಿನಗ್ಯಾಕ ಬೇಕಿತ್ತು ಊರ ಉಸಾಬರಿ?” ಎಂದರು. ನಿಜವೇ. ಆದರೆ ಈ ಚಾಳಿ ನಾನಾಗಿ ಕಲಿತದ್ದಲ್ಲ. ಸಾಫ್ಟ್‌ಬಾಲ್ ಎಂಬ ಆಟ ಕಲಿಸಿದ್ದು.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಸವಕಲ್ಯಾಣದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಆಟ ಆಡಿಸುವ ಮಾಸ್ತರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ದಿನ ನಮ್ಮ ಹೆಡ್‌ಮಿಸ್ಟ್ರೆಸ್ ಕರೆದು ಒಂದು ಗೋಣಿಚೀಲ ತೋರಿಸಿದರು. ಒಳಗೆ ಎರಡು ದಾಂಡು, ಆರು ಚರ್ಮದ ಕೈಗವಸು, ಐದು ಚೆಂಡು.

“ನನಗ ಈ ಆಟ ಬರಲ್ರೀ ಮೇಡಂ,” ಎಂದೆ.

“ಆಟ ಹುಡುಗ್ಯಾರು ಆಡ್ತಾರ. ನೀವು ಪಟ್ಟಿ ಬರೀರಿ. ನಿಮ್ಮಂಗ ಅಚ್ಚುಕಟ್ಟ ಬರಿಯೋರು ಈ ಸಾಲ್ಯಾಗ ಮತ್ಯಾರದಾರ?”

ನನ್ನ ನೋಟ್‌ಬುಕ್ಕೇ ನನಗೆ ಮುಳುವಾಯಿತು. ನನಗೆ ಮೊದಲಿನಿಂದಲೂ ದಿನದ ವಿವರ ಬರೆದಿಡುವ ಅಭ್ಯಾಸ. ನಳ ಬಂದ ಹೊತ್ತು, ಹಿಟ್ಟಿನ ಗಿರಣಿ ಕೆಟ್ಟ ದಿನ, ಯಾರ ಮನೆಯ ಡಬ್ಬಿ ನಮ್ಮಲ್ಲೇ ಉಳಿದಿದೆ, ಅದನ್ನು ಬರಿದೆ ಕಳಿಸಬಾರದು, ಏನು ತುಂಬಿ ಕಳಿಸಬೇಕು. ಆ ವರ್ಷದಿಂದ ಅದೇ ಪುಸ್ತಕದಲ್ಲಿ ಹೊಸ ಸಾಲುಗಳು ಸೇರಿದವು. ‘ಶಹನಾಜ್‌ಳ ಎಡ ಬೂಟು ಬಾಯಿ ಬಿಟ್ಟಿದೆ.’ ‘ರೇಖಾ ತಿಂಡಿ ತಿಂದು ಓಡಿದರೆ ವಾಂತಿ.’ ‘ಕೈಗವಸಿಗೆ ಕುಸುಬೆ ಎಣ್ಣೆ ಸವರಿದ್ದು ತಪ್ಪಾಯಿತು, ಇಲಿ ಎರಡು ಬೆರಳು ತಿಂದಿದೆ.’

ಆಟ ನೋಡಿರದವರಿಗೆ ಎರಡು ಮಾತು. ಬಯಲಿನಲ್ಲಿ ನಾಲ್ಕು ಮೂಲೆ. ಒಬ್ಬಳು ನಡುವೆ ನಿಂತು ಕೈಯನ್ನು ಕೆಳಗಿನಿಂದ ಗಿರಕಿ ಹೊಡೆಸಿ ಚೆಂಡು ಎಸೆಯುತ್ತಾಳೆ, ಅವಳು ಪಿಚರ್. ಎದುರಿನವಳು ದಾಂಡಿನಿಂದ ಹೊಡೆದು ನಾಲ್ಕೂ ಮೂಲೆ ಸುತ್ತಿ ಬರಬೇಕು. ಹೊಡೆಯುವವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು ಕ್ಯಾಚರ್. ಇಷ್ಟನ್ನು ಅರಿಯಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಚೆಂಡು ಹೆಸರಿನಷ್ಟು ಮೆತ್ತಗಿಲ್ಲವೆಂಬುದು ಮಾತ್ರ ಮೊದಲ ದಿನವೇ ತಿಳಿಯಿತು. ಹೆಬ್ಬೆರಳು ಊದಿ ಒಂದು ವಾರ ರೊಟ್ಟಿ ಬಡಿಯಲಾಗಲಿಲ್ಲ. ನಮ್ಮವರು ಏಳೂ ದಿನ ಅನ್ನ ಉಂಡು, ಆಟವೆಂದರೆ ಮನೆಯ ಗಂಡಸರಿಗೂ ಕಷ್ಟ ಎಂಬುದನ್ನು ಕಂಡುಕೊಂಡರು.

ಪಂದ್ಯಗಳು ಮಳೆ ಕಡಿಮೆಯಾದ ಮೇಲೆ ಶುರುವಾಗಿ ಚಳಿಯಲ್ಲಿ ಮುಗಿಯುತ್ತಿದ್ದವು. ಆಮೇಲೆ ಜೂನಿನವರೆಗೆ ಆಟವಿಲ್ಲ. ಆಟವಿಲ್ಲದ ಈ ತಿಂಗಳುಗಳೇ ನನ್ನ ಸುಗ್ಗಿ. ಹೊಸ ವರ್ಷ ಬಂತೆಂದರೆ ಹಳೆಯ ಗುಂಪು ಒಡೆಯುತ್ತದೆ. ವರ್ಷದ ಕೊನೆಯ ದಿನಕ್ಕೆ ಯಾರಿಗೆ ಹದಿನಾಲ್ಕು ದಾಟುವುದಿಲ್ಲವೋ ಅವರು ಸಣ್ಣವರ ಗುಂಪು, ದಾಟುವವರು ದೊಡ್ಡವರ ಗುಂಪು. ಸಣ್ಣವರು ಮನಸ್ಸಿದ್ದರೆ ದೊಡ್ಡವರಲ್ಲಿ ಸೇರಿ ಆಡಬಹುದು. ದೊಡ್ಡವರು ಕೆಳಗಿಳಿಯುವಂತಿಲ್ಲ, ಒಬ್ಬಳ ಹೆಸರು ಎರಡೂ ಪಟ್ಟಿಯಲ್ಲಿ ಇರುವಂತಿಲ್ಲ. ಕೇಳಲು ಎಷ್ಟು ಸರಳ! ಶಾಲೆಯ ದಾಖಲಾತಿ ಪುಸ್ತಕ ತೆರೆದು ಹುಟ್ಟಿದ ದಿನ ನೋಡಿ ಬರೆದರಾಯಿತು ಎಂದುಕೊಂಡು ತೆರೆದೆ.

ಇಪ್ಪತ್ತೆರಡು ಆಟಗಾರ್ತಿಯರಲ್ಲಿ ಹದಿನೆಂಟು ಮಂದಿ ಜೂನ್ ಒಂದರಂದು ಹುಟ್ಟಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆ ತೆರೆಯುವುದು ಜೂನಿನಲ್ಲಿ. ಸೇರಿಸಲು ಬಂದ ತಾಯಿಗೆ ತಾರೀಖು ಗೊತ್ತಿಲ್ಲ, ಮಾಸ್ತರಿಗೆ ಹೊತ್ತಿಲ್ಲ. ಅವರು ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಗುವ ಅಧಿಕಾರ ನನಗೂ ಇಲ್ಲ. ನನ್ನದೂ ಜೂನ್ ಒಂದೇ. ನಮ್ಮವ್ವನ ಪ್ರಕಾರ ನಾನು ಹುಟ್ಟಿದ್ದು ಬನ್ನಿ ಮುಡಿಯುವ ಹಬ್ಬದ ಹಿಂದಿನ ದಿನ, ಹೋಳಿಗೆಗೆ ಬೇಳೆ ಬೇಯಲು ಇಟ್ಟಾಗ. ಸರಕಾರ ನನ್ನನ್ನು ನಾಲ್ಕು ತಿಂಗಳು ಮೊದಲೇ ಹುಟ್ಟಿಸಿದೆ. ಶಾಲೆ ತೆರೆಯುವ ದಿನ ನಾನು ಹದಿನೆಂಟು ಹುಡುಗಿಯರಿಗೂ ಒಂದೊಂದು ಪೇಡೆ ಕೊಟ್ಟು, ಹತ್ತೊಂಬತ್ತನೆಯದನ್ನು ನನ್ನ ಬಾಯಿಗೇ ಹಾಕಿಕೊಳ್ಳುತ್ತಿದ್ದೆ.

ದಿನ ಸುಳ್ಳಿರಲಿ, ವರ್ಷವನ್ನಾದರೂ ನಂಬಬಹುದೆಂದುಕೊಂಡಿದ್ದೆ. ಆ ನಂಬಿಕೆಯನ್ನು ಕೆಡವಿದವರು ಹುಮನಾಬಾದಿನ ಇಬ್ರಾಹಿಂ ಮಾಸ್ತರು. ಅಲ್ಲಿಯ ಒಂದು ಶಾಲೆಯಲ್ಲಿ ಆಟ ಆಡಿಸುತ್ತಿದ್ದರು, ಕೊರಳಲ್ಲಿ ಸದಾ ಸೀಟಿ. ಮಾತಿನ ನಡುವೆ ಯಾರಾದರೂ ಬಾಯಿ ಹಾಕಿದರೆ ಸೀಟಿ ಊದಿ ಸುಮ್ಮನಾಗಿಸುವವರು. ರಜೆಯಲ್ಲಿ ಹುಡುಗಿಯರ ಕೈ ಜಡ್ಡುಗಟ್ಟಬಾರದೆಂದು ಒಂದು ಭಾನುವಾರ ನಾವು ಅವರ ಊರಿಗೆ ಹೋಗಿ, ಮುಂದಿನ ಭಾನುವಾರ ಅವರು ನಮ್ಮ ಊರಿಗೆ ಬಂದು, ಬಿಸಿಲೇರುವ ಮೊದಲು ಆಡಿ ಮುಗಿಸುವ ಏರ್ಪಾಡು ಮಾಡಿಕೊಂಡಿದ್ದೆವು.

ಆ ಏಪ್ರಿಲ್ಲಿನಲ್ಲಿ ನಮ್ಮ ಕಾಶಮ್ಮ ಹೊಡೆದ ಚೆಂಡು ಬಯಲು ದಾಟಿ ಯಾರದೋ ಕಣಕ್ಕೆ ಹೋಗಿ ಬಿತ್ತು. ಮಾಸ್ತರು ಅದು ಹೋದ ದಾರಿಯನ್ನೇ ನೋಡುತ್ತ ನಿಂತರು.

“ಮೇಡಂ, ಈ ಪೋರಿ ಯಾವ ಗುಂಪು?”

“ಹದಿನಾಲ್ಕರ ಒಳಗ್ರೀ ಸರ್. ಕಾಗದ ಅದ.”

“ಈಕಿ ಹದಿನಾಲ್ಕರ ಒಳಗಿದ್ರ ನಾನೂ ಇಪ್ಪತ್ತರ ಒಳಗ ಇದ್ದೇನ್ರಿ. ನನ್ನ ಹೆಸರೂ ಬರಕೋರಿ.”

ಕಾಶಮ್ಮ ಮೋರಖಂಡಿಯ ಹುಡುಗಿ. ಅಗಲ ಭುಜ, ನಿಧಾನದ ಮಾತು. ಅವಳು ಕ್ಯಾಚರ್. ಅವಳ ತಂಗಿ ಚಂದ್ರಕಲಾ ಪಿಚರ್, ತೆಳ್ಳಗೆ ದಂಟಿನಂತಿದ್ದಳು. ತಂಗಿ ಎಸೆಯುವುದು, ಅಕ್ಕ ಹಿಡಿಯುವುದು. ಹಿಂದಿನ ವರ್ಷ ಇಬ್ಬರೂ ಸಣ್ಣವರ ಗುಂಪಿನಲ್ಲಿ ಒಟ್ಟಿಗೇ ಆಡಿದ್ದರು. ತಂಗಿ ಒಂದು ತರಗತಿ ಮುಂದಿರುವುದನ್ನು ನಾನು ಗಮನಿಸಿದ್ದೆ. ಅಕ್ಕ ಎಲ್ಲೋ ನಪಾಸಾಗಿರಬೇಕೆಂದು ತಿಳಿದು, ಕೇಳಿದರೆ ನೋಯುತ್ತಾಳೆಂದು ಕೇಳಿರಲಿಲ್ಲ. ಈಗ ಪಟ್ಟಿ ಬರೆಯಲು ಕೂತಾಗ ಕಣ್ಣು ಉಜ್ಜಿಕೊಂಡೆ. ಪುಸ್ತಕದಲ್ಲಿ ತಂಗಿಯೇ ಅಕ್ಕನಿಗಿಂತ ಸರಿಯಾಗಿ ಒಂದು ವರ್ಷ ದೊಡ್ಡವಳು! ದಂಟಿನಂಥ ಚಂದ್ರಕಲಾ ದೊಡ್ಡವರ ಗುಂಪಿಗೆ, ಕಣದವರೆಗೆ ಚೆಂಡು ಹೊಡೆಯುವ ಕಾಶಮ್ಮ ಸಣ್ಣವರ ಗುಂಪಿಗೆ.

ಟೆಂಪೋ ಹಿಡಿದು ಮೋರಖಂಡಿಗೆ ಹೋದೆ. ಅಂಗಳದಲ್ಲಿ ಅವರ ಆಯಿ, ಎಂದರೆ ಅಜ್ಜಿ, ಮೊರದಲ್ಲಿ ಹೆಸರುಕಾಳು ಕೇರುತ್ತ ಕೂತಿದ್ದಳು. ತಾಯಿ ಶರಣಮ್ಮ ಕಪ್ಪು-ಬಶಿಯಲ್ಲಿ ಚಹಾ ತಂದಿಟ್ಟಳು.

“ಆಯಿ, ಕಾಶಮ್ಮ ಹುಟ್ಟಿದ್ದು ಯಾವಾಗರಿ?”

“ಹೆಸರಕಾಯಿ ಬಿಡಿಸೋ ಮುಂದ.”

“ಚಂದ್ರಕಲಾ?”

“ತೊಗರಿ ರಾಶಿ ಮುಂದ.”

“ಅಂದ್ರ ಯಾವ ವರ್ಷ?”

ಆಯಿ ಮೊರ ಕೆಳಗಿಟ್ಟಳು. “ವರ್ಷಾ ವರ್ಷಾ ಹೆಸರು ಬೆಳೀತಾವ, ತೊಗರಿ ಬೆಳೀತಾವ. ಲೆಕ್ಕ ಯಾರಿಟ್ಟಾರ? ಬಾಯಾರ, ನೀವು ಸಾಲಿ ಕಲ್ತೋರು, ಇಷ್ಟೂ ತಿಳಿಯಲ್ಲೇನು?”

ಶರಣಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. “ಕಾಶಿ ನಡ್ಯಾಕ ಕಲ್ತು, ಮಾತಾಡಾಕ ಕಲ್ತು, ಮನಿ ತುಂಬ ಓಡ್ಯಾಡಾಕತ್ತಿದ್ದಳ್ರೀ, ಆಗ ಚಂದ್ರಿ ಹುಟ್ಟಿದಳು. ಎರಡು ವರ್ಷದ ಮ್ಯಾಲೇ ಅಂತರ ಅದ.”

“ಮತ್ತ ಸಾಲಿ ಕಾಗದದಾಗ ಉಲ್ಟಾ ಹ್ಯಾಂಗಾತು?”

ಸೊಸೆ ಅತ್ತೆಯ ಮುಖ ನೋಡಿದಳು. “ಹೇಳ್ರಿ ಅತ್ತಿ, ನಿಮ್ಮ ತುರುಬಿನ ಕಥಿ.”

ಆಗ ಹಳ್ಳಿಯ ಶಾಲೆಗಳಲ್ಲಿ ಮಗುವಿನ ವಯಸ್ಸು ತಿಳಿಯಲು ಕಾಗದ ಕೇಳುತ್ತಿರಲಿಲ್ಲ, ಕಿವಿ ಕೇಳುತ್ತಿದ್ದರು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತೆಂದು ಬರೆದುಕೊಳ್ಳುವರು. ಮುಟ್ಟದಿದ್ದರೆ ಮುಂದಿನ ವರ್ಷ ಬಾ ಎನ್ನುವರು. ನನ್ನನ್ನೂ ಹಾಗೆಯೇ ಸೇರಿಸಿದ್ದು. ನಾನು ತಲೆಯನ್ನು ಸ್ವಲ್ಪ ವಾಲಿಸಿ ಮುಟ್ಟಿದ್ದೆ, ಈ ಗುಟ್ಟನ್ನು ಇದೇ ಮೊದಲು ಹೊರಹಾಕುತ್ತಿದ್ದೇನೆ.

“ಸಾಲಿಗೆ ಮೊದಲ ದಿನ ಹೊಂಟಾದ ಕೂಸು, ಛಂದ ಕಾಣಲಿ ಅಂತ ನಾ ಕಾಶಿ ನೆತ್ತಿ ಮ್ಯಾಲ ಇಷ್ಟು ದೊಡ್ಡ ತುರುಬು ಕಟ್ಟಿದ್ದೆ,” ಎಂದು ಆಯಿ ಎರಡೂ ಕೈಯಲ್ಲಿ ಕುಂಬಳಕಾಯಿಯಷ್ಟು ಅಳತೆ ತೋರಿಸಿದಳು. “ಮ್ಯಾಲೊಂದು ಗೊಂಡೇವು. ಮಾಸ್ತರ ಕಿವಿ ಹಿಡಿ ಅಂದ. ಪಾಪ, ಇದರ ಕೈ ತುರುಬು ಹತ್ತಿ ಇಳಿಯೋದ್ರಾಗ ಮುಗದೇ ಹೋತು. ಕಿವಿ ಎಲ್ಲಿ ಸಿಗಬೇಕು?”

“ಮತ್ತ ಚಂದ್ರಕಲಾ?”

“ಅದು ಸುಮ್ಮ ಅಕ್ಕನ ಬೆನ್ನು ಹತ್ತಿ ಬಂದಿತ್ತು. ಹರಕಿ ಇತ್ತಂತ ಹಿಂದಿನ ವಾರನೇ ಜಾವಳ ತೆಗಿಸಿದ್ವಿ, ತಲಿ ಬೋಳು. ಅಕ್ಕ ಮಾಡಿದ್ದು ನೋಡಿ ತಾನೂ ಮಾಡ್ತು. ಕೈ ಅಂತೂ ಹುಟ್ಟಿದಾಗಿಂದ ಉದ್ದ. ಕಿವಿ ಏನು, ಗದ್ದನೂ ಮುಟ್ಟತು! ಮಾಸ್ತರ ಖುಷಿಯಾಗಿ ಈಕಿಗಿ ವಯಸ್ಸಾಗ್ಯಾದ ಅಂತ ಬರಕೊಂಡ.”

“ನೀವು ಹೇಳಬಾರದಿತ್ತೇನ್ರಿ, ಇದು ಸಣ್ಣದು ಅಂತ?”

“ಮಾಸ್ತರ ಬರದ ಮ್ಯಾಲ ನಾ ಯಾರ್ರೀ ಅಳಸಾಕ? ಒಂದಾದ್ರೂ ಒಳಗ ಹೋತಲ್ಲ ಅಂದೆ.”

ನಾಲ್ಕೂವರೆ ವರ್ಷದ ಕೂಸು ಒಂದನೆಯ ತರಗತಿಯಲ್ಲಿ ಒಬ್ಬಳೇ ಕೂತೀತೇ? ಅತ್ತು ಶಾಲೆಯನ್ನೇ ತಲೆಯ ಮೇಲೆ ಹೊತ್ತಿತಂತೆ. ಕೊನೆಗೆ ಕಾಶಮ್ಮ ಇಡೀ ಒಂದು ವರ್ಷ, ಹೆಸರಿಲ್ಲದೆ, ಹಾಜರಿಯಿಲ್ಲದೆ, ತಂಗಿಯ ಪಕ್ಕ ಕೂತು ಅಕ್ಷರ ಕಲಿತಳು. ಮರುವರ್ಷ ಆಯಿ ತುರುಬು ಕಟ್ಟದೆ ಕಳಿಸಿದ ಮೇಲೆ ಅವಳಿಗೂ ಆರು ತುಂಬಿತು. ಅಂದರೆ ಅವಳು ನಪಾಸಾದವಳಲ್ಲ, ಒಂದನೆಯದನ್ನು ಎರಡು ಸಲ ಓದಿದವಳು. ನಾನು ಮನಸ್ಸಿನಲ್ಲೇ ಅವಳ ಕ್ಷಮೆ ಕೇಳಿದೆ.

ಬರಬೇಕಾದರೆ ಇಷ್ಟನ್ನೇ ಹೇಳಿದೆ: ಈ ವರ್ಷ ಇಬ್ಬರದೂ ಬೇರೆ ಬೇರೆ ಗುಂಪು, ಪಂದ್ಯಗಳೂ ಬೇರೆ ಬೇರೆ ದಿನ, ಬೇರೆ ಬೇರೆ ಊರು. ಆಯಿಯ ನಗು ಅಲ್ಲಿಗೇ ನಿಂತಿತು.

“ಕಾಶಿ ಜೋಡಿ ಇದ್ರ ಚಂದ್ರಿ ಬರ್ತಾಳ. ಕಾಶಿ ಇಲ್ಲಂದ್ರ ಚಂದ್ರೀನ ಎಲ್ಲಿಗೂ ಕಳಸಲ್ರೀ ಬಾಯಾರ. ಅದು ಬಸ್ಸಿನಾಗ ನಿದ್ದಿ ಹತ್ತಿದ್ರ ಯಾವೂರಾಗ ಇಳೀತದೋ ಅದಕ್ಕೇ ಗೊತ್ತಿರಲ್ಲ.”

ಬಾಗಿಲ ಮರೆಯಲ್ಲಿ ಚಂದ್ರಕಲಾ ನಿಂತಿದ್ದಳು. ಅಳಲಿಲ್ಲ. ಒಂದು ಹೆಸರುಕಾಳನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಎಸೆದುಕೊಳ್ಳುತ್ತ ನೆಲ ನೋಡುತ್ತಿದ್ದಳು. ಆ ಹುಡುಗಿಗೆ ಆಟ ಬಿಟ್ಟರೆ ಬೇರೆ ಯಾವುದರಲ್ಲೂ ಜೀವವಿರಲಿಲ್ಲ. ನನ್ನ ಕನ್ನಡ ಪಾಠದಲ್ಲಂತೂ ಇರಲೇ ಇಲ್ಲ, ಅದಕ್ಕೆ ನಾನೇ ಸಾಕ್ಷಿ.

ಈಗ ಮೂರು ದಾರಿ. ತಾರೀಖು ತಿದ್ದಿಸುವುದು: ಹೆಡ್‌ಮಿಸ್ಟ್ರೆಸ್ ಮುಂದೆ ಬಾಯಿ ತೆಗೆದೆ, “ಕೋರ್ಟಿಗೆ ಹೋಗಿ ಬರೋದ್ರಾಗ ಹುಡುಗಿ ಅಜ್ಜಿ ಆಗ್ತಾಳ,” ಎಂದರು. ಎರಡನೆಯದು, ಕಾಗದ ಹೇಳಿದಂತೆ ಕಾಶಮ್ಮನನ್ನು ಸಣ್ಣವರಲ್ಲಿ ಆಡಿಸುವುದು. ಯಾರೂ ಬೆರಳು ಮಾಡುವಂತಿಲ್ಲ, ಪಂದ್ಯದ ಕಪ್ಪು ನಮ್ಮದೇ. ಸುಳ್ಳೇಕೆ ಹೇಳಲಿ, ಎರಡು ದಿನ ಆ ಕಪ್ಪನ್ನು ಎಲ್ಲಿಡಬೇಕೆಂದು ಕಪಾಟು ಕೂಡ ನೋಡಿಟ್ಟಿದ್ದೆ. ಆದರೆ ಆಗ ಚಂದ್ರಕಲಾ ಮನೆಯಲ್ಲಿ ಉಳಿಯುತ್ತಾಳೆ. ಮೂರನೆಯದು, ಇಬ್ಬರನ್ನೂ ದೊಡ್ಡವರಲ್ಲಿ ಸೇರಿಸುವುದು. ಅದಕ್ಕೆ ನಿಯಮ ಅಡ್ಡಬರುವುದಿಲ್ಲ. ಆದರೆ ಹನ್ನೆರಡು ದಾಟಿದ ದಂಟು ಹದಿನಾರರ ಹುಡುಗಿಯರ ಎದುರು ನಿಂತೀತೇ?

ಇಬ್ರಾಹಿಂ ಮಾಸ್ತರಿಗೆ ತುರುಬಿನ ಕಥೆಯನ್ನೆಲ್ಲ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಕಾಗದ ಬಿಡ್ರಿ ಮೇಡಂ, ಹುಡುಗಿ ಉಮರ್ ಎಷ್ಟಂತ ಮೈದಾನದಾಗ ನೋಡೋಣು. ಬರೋ ಐತವಾರ ಕರಕೊಂಡು ಬರ್ರಿ. ನನ್ನ ದೊಡ್ಡ ಹುಡುಗ್ಯಾರನ್ನ ಬಿಡ್ತೀನಿ,” ಎಂದರು.

ಆ ಭಾನುವಾರ ಹುಮನಾಬಾದಿನಲ್ಲಿ ಬೆಳಗಿನ ಏಳಕ್ಕೇ ನೆಲ ಕಾದಿತ್ತು. ದೊಡ್ಡವರ ಗುಂಪಿನ ನಮ್ಮ ಕ್ಯಾಚರ್ ಶಹನಾಜ್ ರಜೆಗೆಂದು ಚಿಟಗುಪ್ಪದ ಅಜ್ಜಿಯ ಮನೆಗೆ ಹೋಗಿದ್ದಳು, ಅವಳ ಜಾಗದಲ್ಲಿ ಕಾಶಮ್ಮ ಕೂತಳು. ಚಂದ್ರಕಲಾ ನಡುವೆ ಹೋಗಿ ನಿಂತಾಗ ಹುಮನಾಬಾದಿನ ಹುಡುಗಿಯರು, “ಏ ಗುಬ್ಬಿ, ನಿಮ್ಮವ್ವ ಎಲ್ಲಿ?” ಎಂದು ಕೂಗಿದರು. ಮೊದಲನೆಯವಳು ಚೆಂಡನ್ನು ಅಟ್ಟಿದಳು, ನಾಲ್ಕು ಮೂಲೆ ಸುತ್ತಿದಳು. ಎರಡನೆಯವಳೂ ಅಷ್ಟೇ. ಮೂರನೆಯವಳಿಗೆ ಎಸೆದ ನಾಲ್ಕೂ ಚೆಂಡು ಎತ್ತೆತ್ತಲೋ ಹೋದವು. ಚಂದ್ರಕಲಾ ತೋಳಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಸಾಕೆಂದು ನಾನು ಎದ್ದೆ. ಮಾಸ್ತರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಕೈಯಾಡಿಸಿ ನನ್ನನ್ನು ಕೂರಿಸಿದರು.

ಅಷ್ಟರಲ್ಲಿ ಕಾಶಮ್ಮ ಎದ್ದು, ಅವಸರವಿಲ್ಲದೆ ನಡೆದುಹೋಗಿ, ತಂಗಿಯ ಕಿವಿಯಲ್ಲಿ ಏನೋ ಹೇಳಿ, ಹಾಗೆಯೇ ತಿರುಗಿ ಬಂದು ಕೂತಳು. ಮುಂದಿನ ಚೆಂಡು ಹೊಡೆಯುವವಳ ಮೊಣಕಾಲ ಬಳಿ ಗಕ್ಕನೆ ಕುಸಿಯಿತು. ದಾಂಡು ಗಾಳಿಯನ್ನು ಹೊಡೆಯಿತು. ಇನ್ನೊಂದು ಸಲ ಗಾಳಿ. ಮತ್ತೊಂದು ಸಲ ಗಾಳಿ. ಗುಬ್ಬಿ ಎಂದವರು ಬಾಯಿ ಮುಚ್ಚಿದರು.

“ಕೈ ನೋಡ್ರಿ ಮೇಡಂ, ಮೊಣಕಾಲ ತನಕ ಅವ,” ಎಂದರು ಮಾಸ್ತರು. “ಈ ಕೈಗೆ ದೊಡ್ಡ ಗುಂಪೇ ಬರೋಬ್ಬರಿ. ಕಿವಿ ಮುಟ್ಟಿಸಿದ ಮಾಸ್ತರ ಭಾಳ ಶಾಣ್ಯಾ ಇದ್ದ.”

ಬಸ್ಸಿನಲ್ಲಿ ಕಾಶಮ್ಮನನ್ನು ಕೇಳಿದೆ, “ಏನು ಹೇಳಿದೆ ಅಕಿಗಿ?”

“ಏನಿಲ್ರೀ ಟೀಚರ್. ಇಲ್ಲಿ ಅತ್ರ ಆಯಿಗಿ ಹೇಳ್ತೀನಿ ಅಂದೆ.”

ಒಂದು ಗಂಟು ಬಿಚ್ಚಿತು, ಇನ್ನೊಂದು ಬಿಗಿಯಾಯಿತು. ದೊಡ್ಡವರಲ್ಲಿ ಹಳೆಯ ಪಿಚರ್ ಹತ್ತನೆಯದು ಮುಗಿಸಿ ಹೋಗಿದ್ದರಿಂದ ಚಂದ್ರಕಲಾಳಿಗೆ ಜಾಗವಿತ್ತು. ಕಾಶಮ್ಮನಿಗೆ ಇರಲಿಲ್ಲ. ಶಹನಾಜ್ ಜೂನಿಗೆ ಬಂದೇ ಬರುತ್ತಾಳೆ. ಅವಳು ಎರಡು ವರ್ಷದಿಂದ ಆ ಜಾಗದಲ್ಲಿ ಕೂತವಳು, ಅವಳನ್ನು ಎಬ್ಬಿಸುವುದು ಅನ್ಯಾಯ. ಮೇ ಕೊನೆಯಲ್ಲಿ ಶಾಲೆಯ ವರಾಂಡದಲ್ಲಿ ಕಾಶಮ್ಮನನ್ನು ಎದುರಿಗೆ ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ.

“ನೋಡು ಕಾಶಮ್ಮ, ಸಣ್ಣವರ ಗುಂಪಿನಾಗ ಆಡಾಕ ಕಾಗದದ ಪ್ರಕಾರ ನಿನಗ ಹಕ್ಕದ. ಅಲ್ಲಿ ನೀನೇ ಕ್ಯಾಪ್ಟನ್. ದೊಡ್ಡವರ ಗುಂಪಿನಾಗ ನೀ ಹೊರಗ ಕೂಡಬೇಕಾಗ್ತದ.”

ಅವಳು ಬಹಳ ಹೊತ್ತು ಮೊಣಕೈ ಕೆರೆದುಕೊಂಡಳು. “ಟೀಚರ್, ಕ್ಯಾಪ್ಟನ್ ಅಂದ್ರ ಟಾಸ್ ಹಾರ್ಸೋದು ಅವರೇ ಏನ್ರಿ?”

“ಹೌದು.”

“ನಾಣ್ಯ ಅವರ ಕೈಯಾಗೇ ಕೊಡ್ತಾರೇನ್ರಿ?”

“ಒಮ್ಮೊಮ್ಮೆ ಕೊಡ್ತಾರ.”

“ನನಗ ಅದು ಭಾಳ ಮನಸಿತ್ರಿ.” ಕೈಯಲ್ಲಿಲ್ಲದ ನಾಣ್ಯವೊಂದನ್ನು ಹೆಬ್ಬೆರಳಿನಿಂದ ಚಿಮ್ಮಿದಳು. “ಆದ್ರ ಚಂದ್ರಿ ಮನ್ಯಾಗ ಕುಂದರ್ತಾಳಲ್ರಿ. ದೊಡ್ಡವರಾಗೇ ಬರೀರಿ ನಂದು.”

“ಇಡೀ ವರ್ಷ ಹೊರಗ ಕೂಡ್ತೀ?”

“ಒಂದನೇ ಕ್ಲಾಸಿನಾಗ ಪೂರಾ ವರ್ಷ ಕುಂತಿದ್ನಲ್ರಿ, ಹಾಜರಿ ಇಲ್ಲದ. ಇಲ್ಲಿ ಹೆಸರಾದ್ರೂ ಇರ್ತದ.”

ನಾನು ಪಟ್ಟಿಯ ಕೊನೆಯ ಸಾಲಿನಲ್ಲಿ ಅವಳ ಹೆಸರು ಬರೆದೆ. ಅಚ್ಚುಕಟ್ಟಾಗಿ ಬರೆಯುವವಳೆಂದು ಹೆಸರಾದ ನನ್ನ ಅಕ್ಷರ ಆ ಸಾಲಿನಲ್ಲಿ ಸೊಟ್ಟಗಿದೆ.

ಮಳೆ ನಿಂತ ಮೇಲೆ ಪಂದ್ಯಗಳು ಬಂದವು. ಸಣ್ಣವರ ಗುಂಪು ಮೊದಲ ಆಟದಲ್ಲೇ ಸೋತು ಬಂತು. ಹೆಡ್‌ಮಿಸ್ಟ್ರೆಸ್ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ದೊಡ್ಡವರ ಪಂದ್ಯ ಹುಮನಾಬಾದಿನಲ್ಲಿ. ಬೆಳಗ್ಗೆ ಬಯಲಿನ ಅಂಚಿಗೆ ಮೇಜು ಹಾಕಿಕೊಂಡು ಒಬ್ಬ ಅಧಿಕಾರಿ ಕಾಗದಗಳನ್ನು ನೋಡಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಬೇರೆ ಜಿಲ್ಲೆಯ ಕಡೆಯವರು, ಮೆತ್ತಗಿನ ಮನುಷ್ಯ. ಚಂದ್ರಕಲಾಳ ಕಾಗದ ನೋಡಿದರು, ಕಾಶಮ್ಮನ ಕಾಗದ ನೋಡಿದರು. ಒಂದೇ ಊರು, ಒಂದೇ ತಂದೆ.

“ಅಕ್ಕತಂಗಿಯರೇನಮ್ಮಾ? ತಂಗಿ ಹೊರಗೆ ಕೂರುತ್ತಾಳಾ? ಪಾಪ, ಚಿಕ್ಕವಳು,” ಎಂದರು. ಆಮೇಲೆ ಚಂದ್ರಕಲಾಳ ಕಡೆ ತಿರುಗಿ, “ನೀನು ದೊಡ್ಡವಳು. ಬಿಸಿಲು ಜಾಸ್ತಿ ಇದೆ, ತಂಗೀನ ಸರಿಯಾಗಿ ನೋಡ್ಕೋಬೇಕು, ಆಯ್ತಾ?” ಎಂದರು.

ಚಂದ್ರಕಲಾ ನಗು ತಡೆಯಲಾಗದೆ ಕೈಗವಸಿನೊಳಗೆ ಮುಖ ಹುದುಗಿಸಿದಳು. ಕಾಶಮ್ಮ ಆಗ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಬೂಟಿನ ದಾರ ಕಟ್ಟುತ್ತಿದ್ದಳು. ಎರಡನೆಯ ಗಂಟು ಹಾಕಿ ಬಿಗಿಯಾಗಿ ಎಳೆದು, ತಲೆ ಎತ್ತದೆಯೇ ಹೇಳಿದಳು:

“ಹೌದ್ರೀ ಸರ್. ನಮ್ಮಕ್ಕ ನನ್ನ ಭಾಳ ಛಲೋ ನೋಡ್ಕೋತಾಳ್ರಿ.”